ನಾನೂರು ಎಲೆಯ ಲೆಕ್ಕ

ಇವತ್ತು ರಾಜಕೀಯ ಬೇಡ. ಊಟದ ವಿಷಯ ಮಾತಾಡೋಣ. ಮದುವೆ ಊಟದ ವಿಷಯ.

ಹೋದ ವಾರ ಪೂರ್ತಿ ನಾವು, ಅಂದ್ರೆ ಟಿವಿಯವರು, ಏನು ತೋರಿಸಿದ್ವಿ ಅಂತ ನೆನಪಿದೆಯಾ? ಒಂದು ದೊಡ್ಡವರ ಮನೆ ಮದುವೆ. ಎಷ್ಟು ಬಗೆ ಸಿಹಿ, ಎಷ್ಟು ಜನ ಬಾಣಸಿಗರು, ಒಂದು ತಟ್ಟೆಗೆ ಎಷ್ಟು ಸಾವಿರ ಖರ್ಚು... ಗ್ರಾಫಿಕ್ಸ್ ಹಾಕಿ, ಹಿಂದೆ ಓಲಗದ ಸದ್ದು ಹಾಕಿ, ಗಂಟೆಗಟ್ಟಲೆ ತೋರಿಸಿದ್ವಿ. ಓದಿದ್ದು ನಾನೇ. ನಗುನಗುತ್ತಾ ಓದಿದೆ.

ಅದರ ಮರುದಿನ ಫೋನ್-ಇನ್ ಕಾರ್ಯಕ್ರಮ. ರಾಣೆಬೆನ್ನೂರು ಕಡೆಯಿಂದ ಒಬ್ಬರು ಟೈಲರ್ ಫೋನ್ ಮಾಡಿದ್ರು. ವಿಷಯ ಬೇರೆ ಏನೋ ಇತ್ತು, ಆದರೆ ಅವರು ಕೇಳಿದ್ದು ಇದು: "ಮೇಡಂ, ಮಗಳ ಮದುವಿ ಐತ್ರಿ. ನಾಕ್ನೂರು ಮಂದಿಗೆ ಊಟ ಹಾಕ್ಬೇಕು. ಊಟಕ್ಕಂತ ಕೈಯಾಗ ಎಪ್ಪತ್ತು ಸಾವಿರ ಐತಿ. ಕೇಟರಿಂಗ್‌ನವರು ಒಂದ್ ಎಲಿಗೆ ಮುನ್ನೂರು ಕೇಳಾಕತ್ತಾರ. ಏನ್ ಮಾಡ್ಲಿ ಹೇಳ್ರಿ."

ನಾನು ಏನಂದೆ ಗೊತ್ತಾ? "ಸರಳವಾಗಿ ಮಾಡಿ ಸರ್" ಅಂದೆ.

ಅವರು ಒಂದು ಕ್ಷಣ ಸುಮ್ಮನಿದ್ದು, "ಸರಳ ಅಂದ್ರ ಯಾರನ್ನ ಬಿಡ್ಲಿ ಮೇಡಂ?" ಅಂದ್ರು. ಅಷ್ಟರಲ್ಲಿ ಬ್ರೇಕ್ ಬಂತು. ಫೋನ್ ಕಟ್ ಆಯ್ತು.

ಯಾರನ್ನ ಬಿಡ್ಲಿ? ಈ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನೂರು ಗುಣಿಸು ಮುನ್ನೂರು, ಒಂದು ಲಕ್ಷದ ಇಪ್ಪತ್ತು ಸಾವಿರ. ಕೈಯಲ್ಲಿರೋದು ಎಪ್ಪತ್ತು ಸಾವಿರ. ಉಳಿದ ಐವತ್ತು ಸಾವಿರಕ್ಕೆ ಒಂದೋ ಸಾಲ, ಇಲ್ಲಾ ಅವಮಾನ. ಈ ಎರಡರ ಮಧ್ಯೆ ಆಯ್ಕೆ ಮಾಡಿ ಅಂತ ನಾವು ಒಬ್ಬ ಅಪ್ಪನಿಗೆ ಹೇಳ್ತಾ ಇದ್ದೀವಿ. ಇದು ಯಾವಾಗಿನಿಂದ ಹೀಗಾಯ್ತು? ಮೊದಲೂ ಹೀಗೇ ಇತ್ತಾ? ಬಡವರು ಹಿಂದೆ ಮದುವೆ ಊಟ ಹೇಗೆ ಹಾಕ್ತಿದ್ರು?

ಉತ್ತರ ಹುಡುಕೋಣ ಅಂತ ಹಳೇ ಪುಸ್ತಕಗಳ ಕಡೆ ಹೋದೆ. ನಮ್ಮಲ್ಲಿ ಅಡುಗೆಯ ಪುಸ್ತಕಗಳಿಗೆ ಕೊರತೆ ಇಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' ಇದೆ. ರಾಜನ ಊಟಕ್ಕೆ ಅಂತಲೇ ಅದರಲ್ಲಿ ಒಂದು ಭಾಗ. ಇಡ್ಲಿ, ದೋಸೆಗಳ ಪೂರ್ವಜರೂ ಅಲ್ಲಿ ಸಿಗ್ತಾರೆ. 16ನೇ ಶತಮಾನದಲ್ಲಿ ಮೂರನೇ ಮಂಗರಸ ಕನ್ನಡದಲ್ಲೇ 'ಸೂಪಶಾಸ್ತ್ರ' ಬರೆದ. ಓದ್ತಾ ಹೋದ್ರೆ ಬಾಯಲ್ಲಿ ನೀರೂರುತ್ತೆ. ಆದರೆ ಎಲ್ಲ ಉಳ್ಳವರ ಅಡುಗೆಮನೆ. ಕೈಯಲ್ಲಿ ದುಡ್ಡಿಲ್ಲದವನು ಮದುವೆ ಮನೆಯಲ್ಲಿ ಏನು ಬಡಿಸಿದ, ಸಾಮಾನು ಎಲ್ಲಿಂದ ತಂದ ಅನ್ನೋದು ಅಲ್ಲಿ ಇಲ್ಲ.

ನನಗೆ ಬೇಕಾಗಿದ್ದ ಪುಸ್ತಕ ಸಿಕ್ಕಿದ್ದು ತಿಪಟೂರಿನ ಹತ್ತಿರ ನಮ್ಮ ಊರಿನ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ. ಅದು ಮುಯ್ಯಿ ಪುಸ್ತಕ.

ಹಳೇ ಮೈಸೂರು ಕಡೆಯವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಮದುವೆಗೆ ಬಂದವರು ಕೊಟ್ಟಿದ್ದನ್ನ ಒಬ್ಬರು ಕೂತು ಬರೆದುಕೊಳ್ತಾರಲ್ಲ, ಅದೇ. ಉತ್ತರ ಕರ್ನಾಟಕದಲ್ಲಿ ಆಯೇರಿ ಅಂತೀರಿ. ಮುಯ್ಯಿ ಅಂದ್ರೆ ಬರೀ ಉಡುಗೊರೆ ಅಲ್ಲ, ತಿರುಗಿಸಿ ಕೊಡಬೇಕಾದದ್ದು. ನೀವು ನಮ್ಮ ಮನೆಗೆ ಹಾಕಿದ್ದನ್ನ ನಿಮ್ಮ ಮನೆಯಲ್ಲಿ ಮದುವೆಯಾದಾಗ ನಾವು ಹಾಕಬೇಕು. ಹೊಲದ ಕೆಲಸಕ್ಕೆ ಮುಯ್ಯಾಳು ಅಂತಿದ್ರಲ್ಲ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಅದೇ ಲೆಕ್ಕ.

ನನ್ನ ಸೋದರತ್ತೆಯ ಮದುವೆ 1966ರ ಬೇಸಿಗೆಯಲ್ಲಿ ಆಯ್ತು. ಅಜ್ಜ ಆ ಮದುವೆಯ ಮುಯ್ಯಿ ಬರೆಸಿದ್ದ ಪುಸ್ತಕ ಅದು. ಶಾಯಿ ಮಾಸಿದೆ, ಆದರೂ ಓದಬಹುದು. ದೊಡ್ಡಮನೆಯಿಂದ ಅಕ್ಕಿ 10 ಸೇರು. ಕೆರೆ ಹಿಂದಿನ ಮನೆಯಿಂದ ತೆಂಗಿನಕಾಯಿ 20. ಮೂಲೆಮನೆಯಿಂದ ಬೆಲ್ಲದಚ್ಚು 4. ಇನ್ನೊಂದು ಮನೆಯಿಂದ ತೊಗರಿಬೇಳೆ 3 ಸೇರು. ಮತ್ತೊಂದು ಮನೆಯಿಂದ ಮಜ್ಜಿಗೆ, ಬಿಂದಿಗೆ ಲೆಕ್ಕದಲ್ಲಿ. ಒಂದು ಮನೆಯವರು ಏನೂ ಕೊಟ್ಟಿಲ್ಲ. ಅವರ ಹೆಸರಿನ ಮುಂದೆ "ಎರಡು ದಿನ ಒಲೆ ಮುಂದೆ" ಅಂತ ಬರೆದಿದೆ. ಅಂದ್ರೆ ಕೆಲಸವೇ ಮುಯ್ಯಿ. ದುಡ್ಡು ಹಾಕಿದವರು ಇಡೀ ಪುಸ್ತಕದಲ್ಲಿ ಹನ್ನೊಂದು ಜನ. ಅದೂ ಒಂದು ರೂಪಾಯಿ, ಎರಡು ರೂಪಾಯಿ.

ಆಗ ಅಪ್ಪನಿಗೆ ಹನ್ನೊಂದು ವರ್ಷ. ಚಪ್ಪರಕ್ಕೆ ಸೋಗೆ ಹೊತ್ತಿದ್ದು, ಎಲೆ ತೊಳೆದಿದ್ದು ಎಲ್ಲ ನೆನಪಿದೆ. ಏನೇನು ಊಟ ಇತ್ತಪ್ಪ ಅಂತ ಕೇಳಿದೆ. "ಅನ್ನ, ಬೇಳೆ ಸಾರು, ಕುಂಬಳಕಾಯಿ ಪಲ್ಯ, ಬೆಲ್ಲದ ಪಾಯಸ, ಮಜ್ಜಿಗೆ. ಕೊನೆ ಪಂಕ್ತಿಗೆ ಪಾಯಸ ಸಾಕಾಗಲಿಲ್ಲ, ಬೆಲ್ಲ ಕೊಟ್ಟೆವು" ಅಂದ್ರು. ಬೆಳಗ್ಗೆ ತಿಂಡಿಗೆ? "ಗೋಧಿ ಉಪ್ಪಿಟ್ಟು. ಸೊಸೈಟಿಯಲ್ಲಿ ಬರ್ತಿತ್ತಲ್ಲ, ಅಮೆರಿಕಾ ಗೋಧಿ."

ಅಮೆರಿಕಾ ಗೋಧಿ! ಈ ಒಂದು ಮಾತಲ್ಲಿ ದೇಶದ ಚರಿತ್ರೆಯೇ ಇದೆ. 1965 ಮತ್ತು 1966, ಸತತ ಎರಡು ವರ್ಷ ಮಳೆ ಕೈಕೊಟ್ಟಿತ್ತು. ಪಿಎಲ್-480 ಅನ್ನೋ ಕಾನೂನಿನಡಿ ಅಮೆರಿಕಾದಿಂದ ಹಡಗು ಬಂದ್ರೆ ಊಟ, ಇಲ್ಲಾಂದ್ರೆ ಇಲ್ಲ ಅನ್ನೋ ಸ್ಥಿತಿ. 1966ರಲ್ಲಿ ನಾವು ಹೊರಗಿಂದ ತರಿಸಿಕೊಂಡ ಧಾನ್ಯ ಸುಮಾರು 1 ಕೋಟಿ ಟನ್. ಅದಕ್ಕೂ ಸ್ವಲ್ಪ ಮೊದಲು, 1965ರಲ್ಲಿ, ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ ಅಂತ ದೇಶವನ್ನ ಕೇಳಿಕೊಂಡರು. ಸೋಮವಾರ ಸಂಜೆ ಹೋಟೆಲ್‌ಗಳು ಬಾಗಿಲು ಹಾಕಿದವು. ಅದೇ ವರ್ಷ ಪಶ್ಚಿಮ ಬಂಗಾಳ ಸರ್ಕಾರ ಹಾಲು ಉಳಿಸೋಕೆ ಅಂತ ಛನ್ನಾದ ಸಿಹಿತಿಂಡಿಗಳನ್ನೇ ನಿಷೇಧಿಸಿತು. ರಸಗುಲ್ಲಾ ಇಲ್ಲದ ಬಂಗಾಳಿ ಮದುವೆ! ಊಹಿಸಿಕೊಳ್ಳಿ.

ಆ ಕಾಲದಲ್ಲೇ ಹಲವು ರಾಜ್ಯಗಳಲ್ಲಿ ಅತಿಥಿ ನಿಯಂತ್ರಣ ಆದೇಶ, ಗೆಸ್ಟ್ ಕಂಟ್ರೋಲ್ ಆರ್ಡರ್ ಬಂತು. ಮದುವೆಗೆ ಇಷ್ಟೇ ಜನಕ್ಕೆ ಊಟ ಹಾಕಬೇಕು, ಅದಕ್ಕಿಂತ ಹೆಚ್ಚು ಹಾಕಿದರೆ ಅಪರಾಧ. ಮದುವೆ ಮನೆಗೆ ಅಧಿಕಾರಿ ಬಂದು ಎಲೆ ಎಣಿಸಬಹುದಾಗಿದ್ದ ಕಾಲ ಅದು.

ಕಾನೂನಿನಿಂದ ಮದುವೆ ಊಟವನ್ನ ಹಿಡಿದಿಡೋ ಪ್ರಯತ್ನ ಬರೀ ನಮ್ಮಲ್ಲಿ ನಡೆದಿದ್ದಲ್ಲ. ಎರಡನೇ ಮಹಾಯುದ್ಧದ ಹೊತ್ತಲ್ಲಿ, 1940ರಲ್ಲಿ, ಬ್ರಿಟನ್ ಸರ್ಕಾರ ಕೇಕ್ ಮೇಲೆ ಸಕ್ಕರೆಯ ಅಲಂಕಾರ ಮಾಡೋದನ್ನ ನಿಷೇಧಿಸಿತು. ಅಲ್ಲಿನ ಜನ ಏನು ಮಾಡಿದ್ರು ಗೊತ್ತಾ? ರಟ್ಟಿನ ದೊಡ್ಡ ಕೇಕ್ ಮಾಡಿ, ಬಿಳಿ ಬಣ್ಣ ಬಳಿದು, ಅದರೊಳಗೆ ಒಂದು ಸಣ್ಣ ಕೇಕ್ ಇಟ್ಟರು. ಫೋಟೋಗೆ ರಟ್ಟಿನದ್ದು, ಬಾಯಿಗೆ ಚಿಕ್ಕದು. ನಮ್ಮ ನೆರೆಯ ಪಾಕಿಸ್ತಾನದಲ್ಲಿ 1997ರಲ್ಲಿ ಮದುವೆ ಊಟವನ್ನೇ ಕಾನೂನು ಮಾಡಿ ನಿಲ್ಲಿಸಿದರು, ಬರೀ ಪಾನೀಯ ಕೊಡಬಹುದು ಅಂದರು. ಮುಂದೆ ಪಂಜಾಬ್ ಪ್ರಾಂತ್ಯದಲ್ಲಿ ಒಂದೇ ಬಗೆಯ ಖಾದ್ಯಕ್ಕೆ ಅವಕಾಶ ಕೊಟ್ಟರು. ಕಾನೂನು ಊಟವನ್ನ ಕಿತ್ತುಕೊಳ್ಳಬಹುದು. ತೋರಿಕೆಯನ್ನ ಕಿತ್ತುಕೊಳ್ಳೋದು ಕಷ್ಟ.

ಹಾಗಾದರೆ ಕಾನೂನಿನಿಂದ ಪ್ರಯೋಜನವೇ ಇಲ್ವಾ? ಇದೆ, ಒಂದು. ಅದು ಬಡವನಿಗೆ ನೆಪ ಕೊಡುತ್ತೆ. ಇದನ್ನ ನಾವೇ ಕಣ್ಣಾರೆ ನೋಡಿದ್ದೀವಿ. 2020ರಲ್ಲಿ ಕೊರೊನಾ ಬಂದು ಮದುವೆಗೆ 50 ಜನ ಅಂತ ಮಿತಿ ಹಾಕಿದ್ರಲ್ಲ, ಆಗ ನಮ್ಮ ಚಿಕ್ಕಪ್ಪನ ಮಗಳ ಮದುವೆ ಆಯ್ತು. ಮನೆ ಅಂಗಳ, ಐವತ್ತು ಎಲೆ, ಏಳು ಐಟಂ. ಚಿಕ್ಕಪ್ಪ ಒಂದು ರೂಪಾಯಿ ಸಾಲ ಮಾಡಲಿಲ್ಲ. "ಸರ್ಕಾರ ಬಿಡ್ತಿಲ್ಲ ಕಣಪ್ಪ" ಅಂತ ಫೋನಿನಲ್ಲಿ ಎಲ್ಲರಿಗೂ ಹೇಳಿದ್ರು. ಅದನ್ನ ಹೇಳುವಾಗ ಅವರ ಮುಖದಲ್ಲಿ ಬೇಸರ ಇರಲಿಲ್ಲ, ನೆಮ್ಮದಿ ಇತ್ತು. ಆದರೆ ಎರಡು ವರ್ಷದ ನಂತರ ಅವರ ಎರಡನೇ ಮಗಳ ಮದುವೆ ಹೊತ್ತಿಗೆ ಮಿತಿ ಹೋಗಿತ್ತು, ನೆಪವೂ ಹೋಗಿತ್ತು. ಆರುನೂರು ಜನ. ನಾಲ್ಕು ಲಕ್ಷ ಸಾಲ.

ನೆಪ ಬೇರೆ, ನಿಲುವು ಬೇರೆ. ನಮ್ಮತ್ತೆಯ ಮದುವೆಯಾದ ಅದೇ 1966ರಲ್ಲಿ, ನವೆಂಬರ್‌ನಲ್ಲಿ, ಕರ್ನಾಟಕ ಇನ್ನೊಂದು ಮದುವೆ ನೋಡಿತು. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ. ಆ ಮದುವೆಗಾಗಿ ಕುವೆಂಪು 'ಮಂತ್ರ ಮಾಂಗಲ್ಯ' ರೂಪಿಸಿದರು. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ. ನೆನಪಿಟ್ಟುಕೊಳ್ಳಿ, ಆ ಹೊತ್ತಿಗೆ ಕುವೆಂಪು ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ನಿವೃತ್ತರಾದವರು, ನಾಡಿಗೇ ದೊಡ್ಡ ಹೆಸರು. ಸಾವಿರಾರು ಜನರನ್ನ ಕರೆಯಬಹುದಿತ್ತು. ಕರೆಯಲಿಲ್ಲ. ಅದಕ್ಕೇ ಅದು ಜನರ ಮನಸ್ಸಲ್ಲಿ ಉಳೀತು. ಇವತ್ತಿಗೂ ಎಷ್ಟೋ ಯುವಕ ಯುವತಿಯರು ಮಂತ್ರ ಮಾಂಗಲ್ಯದಲ್ಲಿ ಮದುವೆ ಆಗ್ತಾರೆ.

1972ರಲ್ಲಿ ಧರ್ಮಸ್ಥಳದಲ್ಲಿ ಸಾಮೂಹಿಕ ವಿವಾಹ ಶುರುವಾಯ್ತು. ಆಮೇಲೆ ಮಠಗಳು, ಸಂಘಗಳು, ಶಾಸಕರು, ಎಲ್ಲರೂ ಮಾಡಿದ್ರು. ಒಂದೇ ಅಡುಗೆಮನೆಯಲ್ಲಿ ನೂರು ಮದುವೆಯ ಊಟ. ಸಾವಿರಾರು ಮನೆಗಳು ಸಾಲದಿಂದ ಉಳಿದವು. ಇದು ಸಣ್ಣ ಮಾತಲ್ಲ.

ಆದರೆ ನಮ್ಮ ಟೈಲರ್ ಅಣ್ಣನ ಪ್ರಶ್ನೆ ಹಾಗೇ ಉಳೀತು. ಅವರಿಗೆ ಮಗಳ ಮದುವೆಯನ್ನ ತಮ್ಮ ಓಣಿಯಲ್ಲೇ, ತಮ್ಮ ಜನರ ಮಧ್ಯೆಯೇ ಮಾಡಬೇಕು. ಯಾರನ್ನೂ ಬಿಡೋ ಮನಸ್ಸಿಲ್ಲ. ಅದು ತಪ್ಪಾ? ತಪ್ಪು ಅಂತ ನನಗೆ ಅನ್ನಿಸಲ್ಲ. ನಾಲ್ಕು ಜನಕ್ಕೆ ಊಟ ಹಾಕಬೇಕು ಅನ್ನೋದು ದುರಾಸೆ ಅಲ್ಲ. ಜೀವನ ಪೂರ್ತಿ ಬೇರೆಯವರ ಮದುವೆಯಲ್ಲಿ ಉಂಡು ಬಂದವನು, ಒಂದು ದಿನವಾದರೂ ನಾನೂ ಬಡಿಸಬೇಕು ಅಂದುಕೊಳ್ಳೋದರಲ್ಲಿ ಮರ್ಯಾದೆ ಇದೆ.

ಬಡವರು ಮದುವೆಗೆ ದುಂದು ಮಾಡಿ ಸಾಲಗಾರರಾಗ್ತಾರೆ ಅನ್ನೋ ಮಾತು ಬಹಳ ಹಳೇದು. ಬ್ರಿಟಿಷರ ಕಾಲದಲ್ಲೂ ಅಧಿಕಾರಿಗಳು ಇದನ್ನೇ ಹೇಳ್ತಿದ್ರು. 1875ರಲ್ಲಿ ಪುಣೆ ಮತ್ತು ಅಹ್ಮದ್‌ನಗರ ಜಿಲ್ಲೆಗಳಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನ ಸುಟ್ಟರು. ಡೆಕ್ಕನ್ ದಂಗೆ ಅಂತ ಅದಕ್ಕೆ ಹೆಸರು. ತನಿಖೆಗೆ ಆಯೋಗ ಬಂತು. ಆ ಆಯೋಗ ಹೇಳಿದ್ದೇನು? ಮದುವೆ ಖರ್ಚಿಗೆ ಎಲ್ಲರೂ ಅತಿಯಾದ ಮಹತ್ವ ಕೊಡ್ತಿದ್ದಾರೆ, ರೈತನ ಸಾಲದ ಬೀಜ ಬಹುಪಾಲು ಅಲ್ಲಿಲ್ಲ ಅಂತ. ಆಶ್ಚರ್ಯ ಅಲ್ವಾ? ಆಯೋಗ ಕಾರಣಗಳನ್ನ ಬೇರೆ ಕಡೆ ನೋಡಿತು. ನನಗೆ ಅನ್ನಿಸೋದು ಇದು: ಆ ಕಾಲದ ಹಳ್ಳಿ ಮದುವೆ ಊಟದಲ್ಲಿ ಬಹುಪಾಲು ಅಂಗಡಿಯಿಂದ ಬರ್ತಿರಲಿಲ್ಲ. ಮನೆಯ ಕಣಜದಿಂದ, ಪಕ್ಕದ ಮನೆಯ ಹಿತ್ತಲಿಂದ ಬರ್ತಿತ್ತು. ಅಡುಗೆಗೆ ಕೂಲಿ ಇರಲಿಲ್ಲ. ನಮ್ಮಜ್ಜನ ಪುಸ್ತಕ ಹೇಳೋದೂ ಅದನ್ನೇ.

ಒಂದ್ ನಿಮಿಷ. ಹಳೇ ಕಾಲ ಚಿನ್ನದಂಥದ್ದು ಅಂತ ನಾನು ಹೇಳ್ತಿಲ್ಲ. ಅದೇ ಮುಯ್ಯಿ ಪುಸ್ತಕವನ್ನ ಇನ್ನೊಂದು ಸಲ ತಿರುವಿ ಹಾಕಿದೆ. ನಮ್ಮೂರಿನ ದಲಿತರ ಕೇರಿಯ ಒಂದು ಮನೆಯ ಹೆಸರೂ ಅದರಲ್ಲಿ ಇಲ್ಲ. ಸೌದೆ ಒಡೆದವರು, ತಮಟೆ ಬಾರಿಸಿದವರು, ಎಂಜಲೆಲೆ ಎತ್ತಿದವರು ಅವರೇ. ಆದರೆ ಅವರಿಗೆ ಕೊನೆಯಲ್ಲಿ, ದೂರದಲ್ಲಿ ಊಟ. ಅಪ್ಪನನ್ನ ಕೇಳಿದರೆ ತಲೆ ತಗ್ಗಿಸಿ "ಹೌದು" ಅಂದರು. ಮುಯ್ಯಿ ಅನ್ನೋದು ಕೊಡಲು ಏನಾದರೂ ಇದ್ದವರ ನಡುವಿನ ವ್ಯವಹಾರ. ಏನೂ ಇಲ್ಲದವನ ಮನೆಯಲ್ಲಿ ಮದುವೆಯಾದರೆ? ಅವನು ಗೌಡರ ಮನೆಗೆ ಹೋಗಿ ಮುಂಗಡ ತರ್ತಿದ್ದ. ತೀರಿಸೋಕೆ ಜೀತಕ್ಕೆ ನಿಲ್ತಿದ್ದ. ಒಂದು ಮದುವೆಯ ಸಾಲಕ್ಕೆ ಎಷ್ಟೋ ವರ್ಷದ ದುಡಿಮೆ. ಕೆಲವು ಸಲ ಅಪ್ಪನ ನಂತರ ಮಗ. ಜೀತವನ್ನ ಕಾನೂನು ರದ್ದು ಮಾಡಿದ್ದು 1976ರಲ್ಲಿ. ಅಂದ್ರೆ ನಮ್ಮತ್ತೆಯ ಮದುವೆಯಾಗಿ ಹತ್ತು ವರ್ಷ ಆದಮೇಲೆ! ಹಾಗಾಗಿ ಹಳೇದನ್ನ ಹಾಗೇ ತರಬೇಕಾಗಿಲ್ಲ. ಕೈಜೋಡಿಸೋದನ್ನ ತರೋಣ, ಅದರ ಸುತ್ತ ಇದ್ದ ಗೋಡೆ ಬೇಡ.

ಈಗ ನನ್ನ ಮದುವೆಯ ಕಥೆ ಹೇಳ್ತೀನಿ. ಹೇಳೋಕೆ ಸ್ವಲ್ಪ ನಾಚಿಕೆ ಆಗುತ್ತೆ.

2014. ನಾನು ಎಂಜಿನಿಯರಿಂಗ್ ಮುಗಿಸಿ, ಒಂದು ಕಂಪನಿಯಲ್ಲಿ ಕೆಲಸ ಮಾಡಿ, ಆಗಷ್ಟೇ ಚಾನೆಲ್‌ಗೆ ಸೇರಿದ್ದೆ. ಅಪ್ಪ ಹೈಸ್ಕೂಲ್ ಮೇಷ್ಟ್ರು, ರಿಟೈರ್ ಆಗಿದ್ದರು. ಊಟಕ್ಕೆ ಎಷ್ಟು ಜನ ಅಂತ ಲೆಕ್ಕ ಶುರುವಾಯ್ತು. ಪಟ್ಟಿಯಲ್ಲಿ ಇದ್ದವರು 500. ಅಪ್ಪ, "ಕಮ್ಮಿ ಬೀಳಬಾರದು" ಅಂತ 600 ಮಾಡಿದರು. ಮಾವ ಬಂದು, "ಬೀಗರ ಕಡೆಯವರು ಹೆಚ್ಚು ಬರ್ತಾರೆ" ಅಂತ 720 ಮಾಡಿದರು. ಅಡುಗೆ ಕಂಟ್ರಾಕ್ಟರ್ ತಾನೊಂದಿಷ್ಟು ಸೇರಿಸಿ 860 ಜನಕ್ಕೆ ಆಗುವಷ್ಟು ಬೇಯಿಸಿದ. ನಾವು ಎಂಜಿನಿಯರ್‌ಗಳು ಸೇತುವೆ ಕಟ್ಟುವಾಗ ಸೇಫ್ಟಿ ಫ್ಯಾಕ್ಟರ್ ಅಂತ ಇಟ್ಕೋತೀವಿ. ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು ಗಟ್ಟಿ ಇರಲಿ ಅಂತ. ಆದರೆ ಅದನ್ನ ಒಂದೇ ಸಲ ಸೇರಿಸಬೇಕು. ಮೂರು ಜನ ಒಬ್ಬರಿಗೊಬ್ಬರು ಹೇಳದೆ ತಲಾ ಶೇಕಡಾ 20 ಸೇರಿಸಿದರೆ ಒಟ್ಟು ಸುಮಾರು ಶೇಕಡಾ 73 ಹೆಚ್ಚಾಗುತ್ತೆ. ಅದೇ ಆಯ್ತು.

ಉಂಡವರು ಸುಮಾರು 540. ಬಿಲ್ ಬಂದಿದ್ದು 720 ಎಲೆಗೆ, ಎಲೆಗೆ 210 ರೂಪಾಯಿ. ಯಾರೂ ಕೂರದ 180 ಎಲೆಗೆ ಅಪ್ಪ ಕೊಟ್ಟಿದ್ದು 37,800 ರೂಪಾಯಿ. ಹಿಂದಿನ ರಾತ್ರಿಯ ಆರತಕ್ಷತೆಯ ಊಟದ್ದು ಬೇರೆ. ನನ್ನ ಅಪ್ಪ ಸೊಸೈಟಿಯಲ್ಲಿ ಮಾಡಿದ ಸಾಲ ತೀರಿದ್ದು 2018ರಲ್ಲಿ. ನನಗೆ ಅದು ಗೊತ್ತಾಗಿದ್ದೂ ಆಗಲೇ. ನಾನು ಕಾರ್ಯಕ್ರಮದಲ್ಲಿ ರೈತರ ಸಾಲಮನ್ನಾ ಬಗ್ಗೆ ಗಟ್ಟಿಯಾಗಿ ಮಾತಾಡ್ತಾ ಇದ್ದ ವರ್ಷಗಳಲ್ಲಿ ನಮ್ಮಪ್ಪ ನನ್ನ ಮದುವೆಯ ಹೋಳಿಗೆಗೆ ಕಂತು ಕಟ್ಟುತ್ತಿದ್ದರು.

ಮಿಕ್ಕಿದ ಊಟ ಏನಾಯ್ತು? ಕಲ್ಯಾಣ ಮಂಟಪದ ಹಿಂದೆ ಗುಂಡಿಗೆ ಹೋಯ್ತು. ಇದು ನನ್ನೊಬ್ಬಳ ಮದುವೆ ಕಥೆ ಅಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ ನಗರದ 75 ಕಲ್ಯಾಣ ಮಂಟಪಗಳನ್ನ ಸಮೀಕ್ಷೆ ಮಾಡಿ, ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಊಟ ಹಾಳಾಗುತ್ತೆ ಅಂತ 2012ರಲ್ಲಿ ಹೇಳಿತ್ತು. ಆ ಸುದ್ದಿಯನ್ನ ನಾವೂ ಓದಿದ್ವಿ. ಓದಿ ಮುಂದಿನ ಸುದ್ದಿಗೆ ಹೋದ್ವಿ.

ಸರಿ. ಈಗ ಟೈಲರ್ ಅಣ್ಣನ ನಾನೂರು ಎಲೆಯ ಲೆಕ್ಕಕ್ಕೆ ಬರೋಣ. ತಿಪಟೂರಿನಲ್ಲಿ ನಲವತ್ತು ವರ್ಷ ಮದುವೆ ಅಡುಗೆ ಮಾಡಿದ ಹಿರಿಯರೊಬ್ಬರನ್ನ ಕೇಳಿದೆ. ನೂರು ಜನಕ್ಕೆ 12 ಕಿಲೋ ಅಕ್ಕಿ, ಸಾರು-ತೊವ್ವೆ ಎರಡಕ್ಕೂ ಸೇರಿ ಮೂರೂವರೆ ಕಿಲೋ ತೊಗರಿಬೇಳೆ ಅಂದರು. ಹಾಗಾದರೆ ನಾನೂರು ಜನಕ್ಕೆ 48 ಕಿಲೋ ಅಕ್ಕಿ, 14 ಕಿಲೋ ಬೇಳೆ. ಅಕ್ಕಿ ಕಿಲೋಗೆ 60 ರೂಪಾಯಿ ಅಂತ ಇಟ್ಕೊಳ್ಳಿ, 2,880 ಆಯ್ತು. ಬೇಳೆ 150 ಅಂತ ಇಟ್ಕೊಳ್ಳಿ, 2,100 ಆಯ್ತು. ಎರಡೂ ಸೇರಿ 4,980. ಒಂದು ಎಲೆಗೆ ಎಷ್ಟು? ಹನ್ನೆರಡೂವರೆ ರೂಪಾಯಿಗೂ ಕಮ್ಮಿ.

ಹನ್ನೆರಡೂವರೆ ರೂಪಾಯಿ! ಹೊಟ್ಟೆ ತುಂಬಿಸೋದು ಅನ್ನ ಮತ್ತು ಬೇಳೆ. ಹಾಗಾದರೆ ಮುನ್ನೂರು ರೂಪಾಯಿಯಲ್ಲಿ ಉಳಿದದ್ದು ಯಾವುದಕ್ಕೆ? ತರಕಾರಿ, ಎಣ್ಣೆ, ತುಪ್ಪ, ಗ್ಯಾಸ್, ಎಲೆ, ಸರಿ. ಅಡುಗೆಯವರ ಕೂಲಿ, ಬಡಿಸೋರ ಕೂಲಿ, ಅದೂ ಸರಿ, ದುಡಿದವರಿಗೆ ದುಡ್ಡು ಸಿಗಲೇಬೇಕು. ಆಮೇಲೆ? ಇಪ್ಪತ್ತೆರಡು ಐಟಂ. ಮೂರು ಬಗೆ ಸಿಹಿ. ಬಾಗಿಲಲ್ಲಿ ವೆಲ್‌ಕಮ್ ಡ್ರಿಂಕ್. ಎಲೆಗೊಂದು ನೀರಿನ ಬಾಟಲಿ. ಐಸ್‌ಕ್ರೀಂ, ಬೀಡಾ, ಹಣ್ಣಿನ ಕೌಂಟರ್. ಇಪ್ಪತ್ತೆರಡರಲ್ಲಿ ಹತ್ತನ್ನ ನೀವು ಬಾಯಿಗೂ ಹಾಕಲ್ಲ. ನಿಮ್ಮ ಎಲೆ ನೀವೇ ನೆನಪಿಸಿಕೊಳ್ಳಿ. ನಾವು ದುಡ್ಡು ಸುರೀತಿರೋದು ಊಟಕ್ಕಲ್ಲ, ಎಲೆ ತುಂಬಿದಂತೆ ಕಾಣೋದಕ್ಕೆ. ಬ್ರಿಟನ್ನಿನ ರಟ್ಟಿನ ಕೇಕ್ ನೋಡಿ ನಗೋಕೆ ನಮಗೆ ಹಕ್ಕಿಲ್ಲ.

ಕಮ್ಮಿ ಐಟಂ ಮಾಡಿದರೆ ಮರ್ಯಾದೆ ಹೋಗುತ್ತಾ? ರವೆ ಇಡ್ಲಿ ಗೊತ್ತಲ್ಲ. ಬೆಂಗಳೂರಿನ ಎಂಟಿಆರ್‌ನವರು ಹೇಳೋ ಪ್ರಕಾರ, ಎರಡನೇ ಮಹಾಯುದ್ಧದ ಹೊತ್ತಲ್ಲಿ ಅಕ್ಕಿ ಸಿಗದೇ ಹೋದಾಗ ಅವರು ಅದನ್ನ ಮಾಡಿದ್ದು. ಬೇರೆ ದಾರಿ ಇಲ್ಲದೆ ಮಾಡಿದ ತಿಂಡಿ. ಇವತ್ತು ಅದನ್ನೇ ಮದುವೆ ಮನೆಯ ತಿಂಡಿಗೆ ವಿಶೇಷ ಅಂತ ಹಾಕ್ತೀವಿ. ಕೊರತೆಯಲ್ಲಿ ಹುಟ್ಟಿದ ಅಡುಗೆ ಕೊರತೆಯ ಅಡುಗೆಯಾಗಿ ಕಾಣಬೇಕಾಗಿಲ್ಲ. ಒಂದು ಸಿಹಿ, ಅದು ಬಿಸಿಬಿಸಿ. ಒಂದು ಪಲ್ಯ, ಒಂದು ಕೋಸಂಬರಿ, ಅನ್ನ, ಸಾರು, ಹಪ್ಪಳ, ಮಜ್ಜಿಗೆ. ಎರಡನೇ ಸಲ ಕೇಳಿದಾಗ ಇಲ್ಲ ಅನ್ನಬಾರದು, ಅಷ್ಟೇ. ನಮ್ಮ ಅಡುಗೆ ಹಿರಿಯರು ಇನ್ನೊಂದು ಮಾತು ಹೇಳಿದರು: ಎಲೆಗೆ ಸುರಿಯೋ ಹುಡುಗನಿಗಿಂತ, "ಹಾಕಲಾ?" ಅಂತ ಕೇಳಿ ಬಡಿಸೋ ಮನೆಯವರು ಇದ್ದರೆ ಸಾಮಾನು ಕಮ್ಮಿ ಸಾಕು, ಬಂದವರಿಗೂ ಸಂತೋಷ.

ಮನೆಯವರು ಬಡಿಸಬೇಕು. ಇದೇ ಇವತ್ತು ನಮ್ಮ ಮದುವೆಗಳಲ್ಲಿ ಇಲ್ಲದೇ ಇರೋದು. ನಾವು ಮುಯ್ಯಿಯನ್ನ ಕವರ್ ಮಾಡಿದ್ವಿ. ಅಕ್ಕಿ, ಬೆಲ್ಲ, ಎರಡು ದಿನದ ದುಡಿಮೆ ಎಲ್ಲ ಹೋಗಿ, ಐನೂರರ ನೋಟು ಮತ್ತು ಒಂದು ರೂಪಾಯಿ ಅಂಟಿಸಿದ ಕವರ್ ಬಂತು. ಆ ಕವರ್ ಬರೋದು ಊಟ ಆದಮೇಲೆ. ಊಟದ ಮುಂಗಡ ಕೊಡಬೇಕಾಗಿರೋದು ಒಂದು ತಿಂಗಳು ಮೊದಲೇ. ಮಧ್ಯದ ಆ ಒಂದು ತಿಂಗಳಲ್ಲೇ ಬಡ್ಡಿಯವನು ಬಂದು ಕೂರೋದು. ಹಳೇ ಕಾಲದಲ್ಲಿ ಮುಯ್ಯಿಯ ಅಕ್ಕಿ ಮದುವೆಗೆ ಮೂರು ದಿನ ಮೊದಲೇ ಮನೆಗೆ ಬರ್ತಿತ್ತು. ಎಷ್ಟು ಸರಳ ವ್ಯತ್ಯಾಸ! ಆದರೆ ಒಬ್ಬ ಅಪ್ಪನ ನಾಲ್ಕು ವರ್ಷ ಆ ವ್ಯತ್ಯಾಸದಲ್ಲಿ ಹೋಗುತ್ತೆ.

ಈ ಕಾಲದಲ್ಲಿ ಇದೆಲ್ಲ ಆಗಲ್ಲ ಅಂತೀರಾ? ರಾಣೆಬೆನ್ನೂರಿನಿಂದ ಕೊಪ್ಪಳ ತುಂಬಾ ದೂರ ಏನಲ್ಲ. ಪ್ರತಿ ವರ್ಷ ಜನವರಿ ಹೊತ್ತಿಗೆ ಅಲ್ಲಿ ಗವಿಸಿದ್ಧೇಶ್ವರ ಜಾತ್ರೆ. ಲಕ್ಷಾಂತರ ಜನಕ್ಕೆ ದಾಸೋಹ. ರೊಟ್ಟಿ ಎಲ್ಲಿಂದ ಬರುತ್ತೆ? ಸುತ್ತಲ ಹಳ್ಳಿಗಳಿಂದ. ಮನೆಮನೆಯಲ್ಲಿ ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿದು, ಒಟ್ಟು ಮಾಡಿ, ಟ್ರ್ಯಾಕ್ಟರ್‌ನಲ್ಲಿ ತಂದು ಕೊಡ್ತಾರೆ. ಕಾಳು, ತರಕಾರಿ, ಹಿಂಡಿ ಕೂಡ. ಲಕ್ಷ ಜನದ ಊಟ ಒಬ್ಬರ ಮೇಲೂ ಭಾರ ಆಗಲ್ಲ. ದೇವರ ಜಾತ್ರೆಗೆ ಹತ್ತು ಹಳ್ಳಿ ರೊಟ್ಟಿ ಬಡಿಯುತ್ತೆ ಅಂದಮೇಲೆ, ಒಂದು ಹುಡುಗಿಯ ಮದುವೆಗೆ ಒಂದು ಓಣಿ ರೊಟ್ಟಿ ಬಡಿಯೋಕೆ ಆಗಲ್ವಾ?

ಕಾರ್ಯಕ್ರಮದ ಸಿಬ್ಬಂದಿಯಿಂದ ನಂಬರ್ ತಗೊಂಡು ನಾನೇ ಆ ಟೈಲರ್‌ಗೆ ಫೋನ್ ಮಾಡಿದೆ. ಮುಯ್ಯಿ ಪುಸ್ತಕದ ವಿಷಯ, ಹನ್ನೆರಡೂವರೆ ರೂಪಾಯಿ ವಿಷಯ, ಎಲ್ಲ ಹೇಳಿದೆ. "ಯಾರನ್ನೂ ಬಿಡಬೇಡಿ ಅಣ್ಣ. ಐಟಂ ಬಿಡಿ. ಆಮೇಲೆ ಹತ್ತಿರದವರಿಗೆ ಬಾಯಿಬಿಟ್ಟು ಕೇಳಿ, ಕವರ್ ಬೇಡ, ಮೊದಲೇ ಅಕ್ಕಿನೋ ಬೆಲ್ಲಾನೋ ಕೊಡಿ ಅಂತ" ಅಂದೆ.

ಅವರು ನಕ್ಕರು. "ಕೇಳೂದ ಕಷ್ಟ ರೀ ಮೇಡಂ. ಸಾಲ ಕೇಳೂದ ಸಸಾರ" ಅಂದರು.

ಈ ಮಾತು ನನ್ನ ಮನಸ್ಸಲ್ಲಿ ಕೂತುಬಿಡ್ತು. ಸಾಲ ಕೇಳೋದು ಸುಲಭ, ಸಹಾಯ ಕೇಳೋದು ಕಷ್ಟ. ಹಂಗಾಗಿದ್ದೀವಿ ನಾವು. ಹಾಗಾಗಿ ಈ ಮಾತನ್ನ ನಾನು ಮದುವೆ ಮಾಡೋರಿಗೆ ಹೇಳ್ತಿಲ್ಲ, ಮದುವೆಗೆ ಹೋಗೋರಿಗೆ ಹೇಳ್ತಿದ್ದೀನಿ. ಅಂದ್ರೆ ನಿಮಗೆ, ನನಗೆ. ಲಗ್ನಪತ್ರಿಕೆ ಕೈಗೆ ಬಂದ ದಿನವೇ, "ಊಟಕ್ಕೆ ನಂದೇನು?" ಅಂತ ನೀವೇ ಕೇಳಿ. ಎಷ್ಟು ಜನ ಬರ್ತೀವಿ ಅಂತ ನಿಜ ಹೇಳಿ, ಅವರ ಲೆಕ್ಕ ಸರಿಯಾಗುತ್ತೆ. ಉಂಡು ಬಂದು, "ಎಷ್ಟು ಐಟಂ ಹಾಕಿದ್ರು?" ಅಂತ ಎಣಿಸೋದನ್ನ ಬಿಡಿ. ನಾವು ಟಿವಿಯವರೂ ಎಣಿಸೋದನ್ನ ಬಿಡಬೇಕು. ನನ್ನ ಮಟ್ಟಿಗೆ, ಇನ್ಮುಂದೆ ಯಾರ ಮದುವೆಯ ಮೆನು ಕಾರ್ಡನ್ನೂ ನಾನು ಸುದ್ದಿ ಅಂತ ಓದಲ್ಲ. ನಮ್ಮ ಎಡಿಟರ್‌ಗೂ ಹೇಳಿದ್ದೀನಿ.

ಮುಯ್ಯಿ ಪುಸ್ತಕದಲ್ಲಿ ಒಂದೊಂದು ಸಾಲಿನ ಕೊನೆಗೂ ಅಜ್ಜ "ತೀರಿತು" ಅಂತ ಬರೆದಿದ್ದಾರೆ. ಯಾರ ಮದುವೆಯಲ್ಲಿ, ಯಾವ ವರ್ಷ ತೀರಿಸಿದ್ದು ಅಂತಲೂ ಇದೆ. ಎರಡು ಸಾಲಿನ ಮುಂದೆ ಮಾತ್ರ ಏನೂ ಇಲ್ಲ. ಒಂದು, ಊರು ಬಿಟ್ಟು ಹೋದ ಒಂದು ಮನೆಯ ಬೆಲ್ಲ. ಇನ್ನೊಂದು, ಆ "ಎರಡು ದಿನ ಒಲೆ ಮುಂದೆ". ಅವರ ಮನೆಯಲ್ಲಿ ಆಮೇಲೆ ಮದುವೆ ನಡೆಯಲೇ ಇಲ್ಲವಂತೆ. "ಅದು ಹಾಗೇ ಬಾಕಿ ಉಳೀತು" ಅಂದರು ಅಪ್ಪ.

ಮುಂದಿನ ತಿಂಗಳು ರಾಣೆಬೆನ್ನೂರಿಗೆ ಹೋಗ್ತಾ ಇದ್ದೀನಿ. ಕ್ಯಾಮೆರಾ ತಗೊಂಡು ಹೋಗಲ್ಲ. ಓಣಿಯ ಒಂಬತ್ತು ಮನೆಯವರು ರೊಟ್ಟಿ ಬಡಿಯೋಕೆ ಒಪ್ಪಿದ್ದಾರಂತೆ. ಅಕ್ಕಿ ಅವರ ತಮ್ಮ ಕೊಡಿಸ್ತಾನಂತೆ. ನಾನೂರು ಎಲೆ, ಎಂಟು ಐಟಂ. ಎಪ್ಪತ್ತು ಸಾವಿರದಲ್ಲಿ ಇನ್ನೂ ಸ್ವಲ್ಪ ಉಳಿಯಬಹುದು ಅಂದರು. ಅಡುಗೆ ನನಗೆ ಅಷ್ಟಾಗಿ ಬರಲ್ಲ. ಬಡಿಸೋಕೆ ನಿಲ್ತೀನಿ.